ವಿಶಾಲಾಕ್ಷಿಯ ಪಾತ್ರೆಯಲ್ಲಿ ಬೆಂದ ಕೇಕು

ಆ ಕೇಕಿನಲ್ಲಿ ಮೊಟ್ಟೆ ಇತ್ತು. ಎರಡು ಮೊಟ್ಟೆ — ನಾನೇ ಒಡೆದು, ನಾನೇ ಕಲಸಿ, ಮೊಟ್ಟೆ ಮುಟ್ಟಿಸಿಲ್ಲ ಎಂದು ನಾನೇ ಬಾಯಿ ತುಂಬ ಹೇಳಿ ಕೊಟ್ಟದ್ದು.

ಹಾ, ಹೇಳಿಬಿಟ್ಟೆ! ಇಷ್ಟು ಬರೆಯುವುದಕ್ಕೇ ಎದೆ ಡವಡವ ಎನ್ನುತ್ತಿದೆ. ನಮ್ಮ ಸಭೆಯ ಮಹಿಳಾ ಕೂಟದ ಅಕ್ಕತಂಗಿಯರೇ, ಈ ಕ್ರಿಸ್ಮಸ್ಸಿಗೂ "ಸುಗುಣಕ್ಕ, ಹೋದ ವರ್ಷದ ಥರಾನೇ ಪ್ರೀತಿ ಬಗ್ಗೆ ಮಾತಾಡಿ" ಎಂದು ಕೇಳಿದ್ದೀರಿ. ಮಾತಾಡುತ್ತೇನೆ. ಆದರೆ ಹೋದ ವರ್ಷ ನೀವೆಲ್ಲ ಚಪ್ಪಾಳೆ ತಟ್ಟಿದ್ದು ಒಂದು ಸುಳ್ಳಿಗೆ. ಅದನ್ನು ಹೇಳದೆ ಮತ್ತೆ ಆ ಮೈಕಿನ ಮುಂದೆ ನಿಲ್ಲಲಾರೆ. ನನಗೆ ನಿಧಾನವಾಗಿ ಹೇಳಲು ಬರುವುದಿಲ್ಲ, ನಿಮಗೆ ಗೊತ್ತೇ ಇದೆ — ನಮ್ಮ ಯಜಮಾನರು ನನ್ನನ್ನು ಕರೆಯುವುದೇ ಸರಪಟಾಕಿ ಎಂದು. ಸಿಡಿದು ಮುಗಿಯುವವರೆಗೆ ದಯವಿಟ್ಟು ಕೇಳಿ.

ಚಾಮರಾಜಪೇಟೆಯ ನಮ್ಮ ಮನೆಗೂ ವಿಶಾಲಾಕ್ಷಿಯ ಮನೆಗೂ ನಡುವೆ ಎದೆಯೆತ್ತರದ ಒಂದು ಕಾಂಪೌಂಡ್ ಗೋಡೆ. ನಾನು ಮದುವೆಯಾಗಿ ಬಂದ ದಿನದಿಂದ ಆ ಗೋಡೆಯ ಮೇಲೆ ಮೊಣಕೈ ಊರಿಕೊಂಡೇ ನಮ್ಮ ಅರ್ಧ ಆಯಸ್ಸು ಕಳೆದಿದೆ. ಅವರದು ಮಡಿ ಮನೆ, ಈರುಳ್ಳಿಗೂ ಪ್ರವೇಶವಿಲ್ಲ. ನಮ್ಮದೋ, ಭಾನುವಾರ ಚರ್ಚಿನಿಂದ ಬಂದ ಮೇಲೆ ಕೋಳಿಸಾರು ಕುದಿಯದಿದ್ದರೆ ಅದು ಭಾನುವಾರವೇ ಅಲ್ಲ. ಆದರೂ ಸಂಕ್ರಾಂತಿಗೆ ಆ ಕಡೆಯಿಂದ ಎಳ್ಳುಬೆಲ್ಲ, ಕ್ರಿಸ್ಮಸ್ಸಿಗೆ ಈ ಕಡೆಯಿಂದ ಮೊಟ್ಟೆ ಹಾಕದೆ ಕರಿದ ಸಿಹಿ ಕಲ್ಕಲ್ಲು, ಗುಲಾಬಿ ಹೂವಿನಚ್ಚಿನ ಕುರುಕಲು. ಯಾರ ತಟ್ಟೆಯೂ ಖಾಲಿ ಹಿಂದಿರುಗುತ್ತಿರಲಿಲ್ಲ. ಮನೆಯಲ್ಲಿ ಏನೂ ಇಲ್ಲವೆಂದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಖಾಲಿ ತಟ್ಟೆ ಕಳಿಸಿದರೆ ನಮ್ಮ ಬೀದಿಯಲ್ಲಿ ಅದರ ಅರ್ಥ ಒಂದೇ — ನಿಮಗೂ ನಮಗೂ ಮುಗಿಯಿತು.

ಒಂದು ವರ್ಷ ವಿಶಾಲಾಕ್ಷಿ ತಾನೇ ಒಂದು ಹೊಸ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. "ನಂಗೂ ಕೇಕ್ ತಿನ್ಬೇಕು ಅಂತ ಆಸೆ ಕಣೇ. ಈ ಪಾತ್ರೆ ನಿಮ್ಮನೇಲೇ ಇರ್ಲಿ, ಇದ್ರಲ್ಲಿ ಬೇರೇನೂ ಮಾಡ್ಬೇಡ. ಮೊಟ್ಟೆ ಇಲ್ದೆ ಒಂದು ಮಾಡ್ಕೊಡು" ಎಂದಳು. ನನಗೆ ಎಂಥ ಹೆಮ್ಮೆ! ಅಡುಗೆಮನೆಯಲ್ಲಿ ಅದಕ್ಕೊಂದು ಬೇರೆ ಮೊಳೆ ಹೊಡೆಸಿದೆ. ಮನೆಯವರಿಗೂ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಅವಳ ಕೇಕು ಮಾಡಿಕೊಡುತ್ತಿದ್ದೆ. ಹೀಗೆ ಎಷ್ಟೋ ವರ್ಷ.

ಆಮೇಲೆ ಬಂತು ಆ ಕ್ರಿಸ್ಮಸ್ಸು. ಹಬ್ಬದ ಹಿಂದಿನ ಮಧ್ಯಾಹ್ನ, ಗೋಡೆಯ ಈ ಕಡೆ ಬಟ್ಟೆ ಒಣಹಾಕುತ್ತಿದ್ದೆ. ಆ ಕಡೆ ವಿಶಾಲಾಕ್ಷಿಯ ನಾದಿನಿ ಬಂದಿದ್ದಳು. "ಏನೇ, ಪಕ್ಕದ ಮನೇದೆಲ್ಲ ತಿಂತೀಯಂತೆ?" ಎಂದು ಅವಳು ಕೇಳಿದ್ದೂ, ನನ್ನ ವಿಶಾಲಾಕ್ಷಿ ನಗುತ್ತ ಉತ್ತರಿಸಿದ್ದೂ ಸ್ಪಷ್ಟವಾಗಿ ಕೇಳಿಸಿತು. "ಅಯ್ಯೋ, ಯಾರು ತಿಂತಾರೆ? ಬೇಡ ಅನ್ನೋಕಾಗಲ್ಲ, ತಗೊಳ್ಳೋದು, ಕೆಲಸದವಳಿಗೆ ಕೊಟ್ಬಿಡೋದು."

ಕಿವಿಯಲ್ಲಿ ಕಾದ ಎಣ್ಣೆ ಹೊಯ್ದ ಹಾಗಾಯಿತು. ಒದ್ದೆ ಬಟ್ಟೆಯನ್ನು ಅಲ್ಲೇ ಬಿಸಾಕಿ ಒಳಗೆ ಬಂದೆ. ಅವಳ ಪಾತ್ರೆಗೆಂದು ಕಲಸಿದ ಹಿಟ್ಟು ಒಂದು ಕಡೆ, ನಮ್ಮ ಮನೆಯ ಕೇಕಿಗೆಂದು ತೆಗೆದಿಟ್ಟ ಮೊಟ್ಟೆ ಇನ್ನೊಂದು ಕಡೆ. ಎರಡು ಮೊಟ್ಟೆ ಎತ್ತಿಕೊಂಡು ಅವಳ ಪಾತ್ರೆಯ ಅಂಚಿಗೇ ಕುಟ್ಟಿ ಒಡೆದೆ. ಕೆಲಸದವಳು ತಾನೇ ತಿನ್ನುವುದು, ಅವಳಾದರೂ ಒಳ್ಳೆಯದು ತಿನ್ನಲಿ — ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಷ್ಟೇ ಆಗಿದ್ದರೆ ನನಗೆ ಅಷ್ಟು ಖುಷಿಯಾಗುತ್ತಿರಲಿಲ್ಲ. ಹೌದು, ಖುಷಿ! ಅವಳದೇನನ್ನೋ ಅವಳಿಗೆ ಗೊತ್ತಾಗದ ಹಾಗೆ ಮುರಿದೆ ಎನ್ನುವ ಖುಷಿ — ಮುಚ್ಚಿಡುವುದಿಲ್ಲ, ಮೈಯೆಲ್ಲ ಜುಮ್ಮೆಂದಿತ್ತು.

ಸಂಜೆ ಗೋಡೆಯ ಮೇಲಿಂದ ಕೊಟ್ಟೆ. "ಎಂದಿನ ಹಾಗೇ ಕಣೇ, ಮೊಟ್ಟೆ ಮುಟ್ಟಿಸಿಲ್ಲ" ಎಂದೆ, ನಕ್ಕೆ ಕೂಡ.

ಮರುದಿನ ಆರಾಧನೆ ಮುಗಿಸಿ ರೇಷ್ಮೆಸೀರೆಯಲ್ಲಿ ಬರುತ್ತಿದ್ದರೆ ಅವಳು ಗೋಡೆಯ ಹತ್ತಿರ ಕಾಯುತ್ತ ಕುಣಿಯುತ್ತಿದ್ದಳು. "ಸುಗುಣಾ! ಏನ್ ಹಾಕಿದ್ಯೇ ಈ ಸಲ? ಹತ್ತಿ ಥರ ಆಗಿದೆ! ನಮ್ಮತ್ತೆ ಎರಡು ತುಂಡು ತಿಂದ್ರು ಕಣೇ, ನಾನೇ ಬಾಯಿಗಿಟ್ಟೆ!"

ಅವಳ ಅತ್ತೆ ದೀಪಾವಳಿಯಿಂದಲೂ ಹಾಸಿಗೆ ಹಿಡಿದಿದ್ದರು. ಗಂಜಿಯನ್ನೂ ಬೇಡ ಎನ್ನುತ್ತಿದ್ದವರು. ಜನ್ಮದಲ್ಲಿ ಹೊರಗಿನ ಒಂದು ಲೋಟ ನೀರು ಕುಡಿಯದ ಆ ಹಿರಿಯ ಜೀವ ಕೇಕು ತಿನ್ನುವ ಮೊದಲು ಒಂದೇ ಒಂದು ಮಾತು ಕೇಳಿದರಂತೆ. ವಿಶಾಲಾಕ್ಷಿ ಅವರ ಧ್ವನಿಯಲ್ಲೇ ಅದನ್ನು ಆಡಿ ತೋರಿಸಿದಳು. "ಸುಗುಣಾ ಮಾಡಿದ್ದಾ? ಹಂಗಾದ್ರೆ ಕೊಡು. ಆ ಹುಡುಗಿ ಸುಳ್ಳು ಹೇಳಲ್ಲ."

"ಮತ್ತೆ... ಕೆಲಸದವಳಿಗೆ ಕೊಡ್ತೀನಿ ಅಂತ..." ಎಂದು ತೊದಲಿದೆ. ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ರಾಮ, ಕೇಳಿಸ್ಕೊಂಡ್ಯಾ? ನಮ್ಮ ನಾದಿನಿ ಬಾಯಿ ಮುಚ್ಸೋಕೆ ಹಂಗಂದೆ ಕಣೇ! ನಿನ್ನ ಕೇಕು ಒಂದು ಚೂರೂ ಯಾರಿಗೂ ಕೊಡಲ್ಲ ನಾನು. ಬೀರುನಲ್ಲಿ ಬೀಗ ಹಾಕಿಟ್ಕೊಂಡು ತಿಂತೀನಿ."

ಆಗ ಹೇಳಬೇಕಿತ್ತು. ಆಗಲೇ. ಬಾಯಿ ತೆರೆದದ್ದೂ ನಿಜ — ಆದರೆ ಬಂದ ಮಾತು ಬೇರೆ. "ಮೊಸರು... ಮೊಸರು ಸ್ವಲ್ಪ ಜಾಸ್ತಿ ಹಾಕ್ದೆ."

ಯುಗಾದಿಗೆ ಮುಂಚೆಯೇ ಆಕೆಯ ಅತ್ತೆ ಹೋಗಿಬಿಟ್ಟರು. ಹೊಸಿಲಾಚೆ ನಿಂತು ಕೈಮುಗಿದೆ. ಅವರಿಗೆ ಇನ್ನು ಯಾವ ಜನ್ಮದಲ್ಲೂ ಹೇಳಲಾರೆ ಎಂಬುದು ಗೊತ್ತಾಗಿ ಬೆವೆತುಹೋದೆ.

ಒಂದು ಸುಳ್ಳಿಗೆ ಎಷ್ಟು ಕಾವಲು ಬೇಕು ಗೊತ್ತೇ? ವಿಶಾಲಾಕ್ಷಿ ಆ ಮೊಸರಿನ ಕೇಕನ್ನು ತಾನೂ ಮಾಡಲು ಹೊರಟಳು. ಮಾಡುವುದು, ಅದು ಇಟ್ಟಿಗೆಯಾಗುವುದು, ಗೋಡೆಯ ಮೇಲೆ ತಂದಿಡುವುದು. "ನೋಡೇ, ನಂಗ್ಯಾಕೆ ಬರಲ್ಲ ಇದು?" ನಾನೋ ಒಮ್ಮೆ ಮೊಸರು ಹುಳಿಯಾಗಲಿ ಎಂದೆ, ಒಮ್ಮೆ ಸೋಡ ಸಾಲದು ಎಂದೆ, ಒಮ್ಮೆ ನಿನ್ನ ಕೈಗುಣ ಎಂದೂ ತಮಾಷೆ ಮಾಡಿದೆ! ಮುಂದಿನ ವರ್ಷಗಳಲ್ಲಿ ಮೊಟ್ಟೆಯಿಲ್ಲದೆ ಪ್ರಾಮಾಣಿಕವಾಗಿ ಮಾಡಿಕೊಟ್ಟರೆ, "ಚೆನ್ನಾಗಿದೆ, ಆದ್ರೆ ಆ ವರ್ಷದ್ದೇ ಬೇರೆ" ಎನ್ನುತ್ತಿದ್ದಳು. ಅದೇ ಬಾಯಲ್ಲಿ ನಾನು ಭಾನುವಾರದ ಶಾಲೆಯ ಮಕ್ಕಳಿಗೆ ನೆರೆಯವರನ್ನು ಪ್ರೀತಿಸುವ ಪಾಠ ಹೇಳುತ್ತಿದ್ದೆ.

ಇನ್ನು ಹೋದ ವರ್ಷದ್ದು. ನೀವು ಕೊಟ್ಟ ವಿಷಯ — ಷರತ್ತಿಲ್ಲದ ಪ್ರೀತಿಯೇ ಕ್ರೈಸ್ತರ ಗುರುತು. ನನಗೆ ಎಷ್ಟು ಉತ್ಸಾಹ! ಹೊಸ ಸೀರೆ, ಕನ್ನಡಿಯ ಮುಂದೆ ಅಭ್ಯಾಸ. ವಿಶಾಲಾಕ್ಷಿಯನ್ನು ಕರೆದರೆ ಅವಳ ಉತ್ಸಾಹ ನನಗಿಂತ ಒಂದು ಕೈ ಮೇಲು. "ನೀನು ಭಾಷಣ ಮಾಡೋದನ್ನ ನಾನು ಕೇಳ್ದೆ ಬಿಡ್ತೀನಾ?" ಎಂದು ಗಿಳಿಹಸುರು ರೇಷ್ಮೆ ಉಟ್ಟು ಬಂದು ಮೊದಲ ಸಾಲಿನಲ್ಲಿ ಕೂತಳು. ನೀವೆಲ್ಲ ನೋಡಿದ್ದೀರಿ. ಮಾತು ಜೋರು ಹಿಡಿದಾಗ ನಾನು ಬರೆದುಕೊಳ್ಳದೇ ಇದ್ದದ್ದೂ ಬಾಯಿಗೆ ಬಂತು. ಆ ಪಾತ್ರೆಯ ಕಥೆ ಹೇಳಿಬಿಟ್ಟೆ — ಬೇರೆ ಮೊಳೆ, ಹುಣಸೆಹಣ್ಣು, ಮೊಟ್ಟೆಯಿಲ್ಲದ ಕೇಕು. ಎಂಥ ಚಪ್ಪಾಳೆ! ಸಭಾಪಾಲಕರು ಎದ್ದು ಇದೇ ಗುರುತು, ಇದೇ ಸಾಕ್ಷಿ ಎಂದರು. ವಿಶಾಲಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಿಮ್ಮ ಚಪ್ಪಾಳೆಯನ್ನು ಜೀರ್ಣಿಸಿಕೊಂಡೆ. ಆ ಕಣ್ಣೀರನ್ನು ಜೀರ್ಣಿಸಿಕೊಳ್ಳಲಾಗಲಿಲ್ಲ.

ನಡೆದೇ ಮನೆಗೆ ಹೊರಟೆವು. ಅವಳಿಗೆ ನೆಲದ ಮೇಲೆ ಕಾಲಿರಲಿಲ್ಲ. "ನಮ್ಮತ್ತೆ ಇರ್ಬೇಕಿತ್ತು ಕಣೇ ಇವತ್ತು. ಎಷ್ಟು ಖುಷಿಪಡ್ತಿದ್ರು" ಎಂದಳು. ನಾನು ಫುಟ್‌ಪಾತಿನಲ್ಲಿ ನಿಂತುಬಿಟ್ಟೆ.

"ವಿಶಾಲು, ಅತ್ತೆ ತಿಂದ ಆ ಕೇಕಲ್ಲಿ ಮೊಟ್ಟೆ ಇತ್ತು."

ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. "ಗೊತ್ತಿಲ್ದೆ ಬಿತ್ತಾ?" ಎಂದು ಮೆಲ್ಲಗೆ ಕೇಳಿದಳು. ನೋಡಿ, ಆಗಲೂ ನನಗೊಂದು ಬಾಗಿಲು ತೆರೆದುಕೊಟ್ಟಳು! ಹೂಂ ಎಂದಿದ್ದರೆ ಸಾಕಿತ್ತು.

"ಇಲ್ಲ. ಬೇಕಂತ್ಲೇ ಹಾಕ್ದೆ."

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. "ಈ ಕೈಯಲ್ಲೇ ಅವರ ಬಾಯಿಗಿಟ್ಟೆ, ಸುಗುಣಾ." ಅಷ್ಟೇ. ನನ್ನನ್ನು ಅಲ್ಲೇ ಬಿಟ್ಟು ಮುಂದೆ ನಡೆದುಹೋದಳು. ಮರುದಿನ ಅವಳ ಸೊಸೆ ಶ್ರುತಿ ಬಂದು, "ಆಂಟಿ, ನಮ್ಮ ಪಾತ್ರೆ ಕೊಡ್ಬೇಕಂತೆ" ಎಂದಳು. ತಿಕ್ಕಿ ಕೊಟ್ಟೆ. ಮೊಳೆ ಮಾತ್ರ ಉಳಿಯಿತು.

ಅದೇ ಕ್ರಿಸ್ಮಸ್ಸಿಗೆ ಗಾಂಧಿ ಬಜಾರಿನಿಂದ ಒಳ್ಳೆಯ ಕಿತ್ತಳೆ, ಸೇಬು ಆರಿಸಿ ತಂದು ತಟ್ಟೆಯಲ್ಲಿಟ್ಟು ಹೋದೆ. ಸಿಪ್ಪೆ ಸಮೇತ ಇರುವ ಹಣ್ಣು — ನನ್ನ ಕೈ ಒಳಗೆ ಏನನ್ನೂ ಸೇರಿಸಲಾಗದ್ದು. ಶ್ರುತಿ ಗೇಟಿನಲ್ಲೇ ತೆಗೆದುಕೊಂಡಳು. ಸಂಜೆ ತಟ್ಟೆ ಹಿಂದಿರುಗಿತು. ತೊಳೆದಿತ್ತು, ಒರೆಸಿತ್ತು. ಖಾಲಿ ಇತ್ತು.

ಅಯ್ಯೋ, ನನಗೆ ಬಂದ ಸಿಟ್ಟು! "ನಾನಾಗೇ ಹೇಳಿದೆನಲ್ಲ? ಹೇಳದೇ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಇನ್ನೇನು, ಕಾಲು ಹಿಡೀಬೇಕಾ?" ಎಂದು ಮನೆ ತುಂಬ ಸಿಡಿದೆ. ನಮ್ಮ ಯಜಮಾನರು ಪೇಪರ್ ಮಡಚಿಟ್ಟರು. "ಹೇಳಿ ನಿನ್ನ ಭಾರ ಇಳಿಸ್ಕೊಂಡೆ. ಅದನ್ನ ಅವರ ತಲೆ ಮೇಲಿಟ್ಟೆ. ಅವರಿನ್ನೂ ಹೊರ್ತಿದ್ದಾರೆ. ನಿನಗ್ಯಾಕೆ ಅವಸರ?"

ಸರಪಟಾಕಿಗೆ ನೀರು ಬಿತ್ತು. ಕೂತುಬಿಟ್ಟೆ. ಷರತ್ತಿಲ್ಲದ ಪ್ರೀತಿ ಎಂದು ಮೈಕಿನಲ್ಲಿ ಕೂಗಿದವಳು ನಾನು. ನಾನು ನಿಜ ಕೊಟ್ಟೆ, ನೀನು ಕ್ಷಮೆ ಕೊಡು — ಇದು ಷರತ್ತಲ್ಲವೇ? ಅಷ್ಟೇ ಏಕೆ, ಆ ಪಾತ್ರೆಯೂ ಷರತ್ತೇ. ನೀನು ತಿನ್ನಬೇಕು, ನನ್ನನ್ನು ಹೊಗಳಬೇಕು. ತಿನ್ನುವುದಿಲ್ಲವಂತೆ ಎಂದು ಕಿವಿಗೆ ಬಿದ್ದ ತಕ್ಷಣ ನನ್ನ ಪ್ರೀತಿ ಎಲ್ಲಿ ಹೋಯಿತು? ಯೇಸುಸ್ವಾಮಿ ತನಗೆ ದ್ರೋಹ ಮಾಡುವವನು ಯಾರೆಂದು ಗೊತ್ತಿದ್ದೂ ಅವನ ಕಾಲನ್ನೂ ತೊಳೆದ. ಮಕ್ಕಳಿಗೆ ಆ ಕಥೆ ಹೇಳುವಾಗೆಲ್ಲ ನಾನು ಮನಸ್ಸಿನಲ್ಲಿ ನೀರಿನ ಬೋಗುಣಿ ಹಿಡಿದು ತೊಳೆಯುವವರ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಈಗ ಗೊತ್ತಾಯಿತು — ಆ ಕಾಲು ನನ್ನದು. ನನ್ನನ್ನು ಅವನು ಹಾಗೆ ಪ್ರೀತಿಸಿದ್ದರೆ, ಖಾಲಿ ತಟ್ಟೆಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆಲ್ಲಿಯದು?

ಈ ವರ್ಷ ಪೂರ್ತಿ ಹೋಗಿದ್ದೇನೆ. ಯುಗಾದಿಗೆ, ಗೌರಿ ಹಬ್ಬಕ್ಕೆ, ದೀಪಾವಳಿಗೆ — ಅವರ ಹಬ್ಬಕ್ಕೂ, ನಮ್ಮ ಹಬ್ಬಕ್ಕೂ. ಪ್ರತಿಸಲ ಹಣ್ಣು, ಪ್ರತಿಸಲ ಶ್ರುತಿ, ಪ್ರತಿಸಲ ಖಾಲಿ ತಟ್ಟೆ. ಕಡಲೆಕಾಯಿ ಪರಿಷೆಗೆ ಇಬ್ಬರೂ ತಪ್ಪದೆ ಜೊತೆಗೆ ಹೋಗುತ್ತಿದ್ದವರು, ಈ ಸಲ ಅವಳು ಮುಂದೆ, ನಾನು ಹಿಂದೆ, ಬೇರೆಬೇರೆ ಹೋದೆವು. ಬೇಜಾರಾಗುವುದಿಲ್ಲವೇ ಎಂದರೆ, ಆಗುತ್ತದೆ.

ಆದರೆ ಇವತ್ತು ಬೆಳಿಗ್ಗೆ ಏನಾಯಿತು ಕೇಳಿ! ಇದನ್ನು ಬರೆಯಲು ಪಡಸಾಲೆಯಲ್ಲಿ ಕೂತಿದ್ದೆ, ಒಲೆಯ ಮೇಲೆ ಹಾಲಿಟ್ಟದ್ದು ಮರೆತೇಹೋಗಿತ್ತು. ಗೋಡೆಯ ಆಚೆಯಿಂದ ಒಂದು ಕೂಗು. "ಸುಗುಣಾ! ಹಾಲು ಉಕ್ಕಿ ಸೀದು ಹೋಗ್ತಿದೆ ಕಣೇ, ಎಲ್ಲಿ ಸತ್ತ್ಯೇ!"

ಒಂದು ವರ್ಷ ಆಗಿತ್ತು ಆ ಧ್ವನಿ ನನ್ನ ಹೆಸರು ಹಿಡಿದು. ಓಡಿದೆ, ಒಲೆ ಆರಿಸಿದೆ, ಗೋಡೆಗೆ ಓಡಿದೆ. ಅವಳು ಅಲ್ಲೇ ಇದ್ದಳು, ಬಾಯಿಯ ಮೇಲೆ ಕೈ. ಒಬ್ಬರನ್ನೊಬ್ಬರು ನೋಡಿದೆವು. ನಾನು ಏನಾದರೂ ಹೇಳುವ ಮೊದಲೇ ತಿರುಗಿ ಒಳಗೆ ಹೋದಳು. ನಾನು ಸೀದ ಹಾಲಿನ ಮುಂದೆ ನಿಂತು ನಕ್ಕೆ, ಅತ್ತುಬಿಟ್ಟೆ. ನಮ್ಮ ಯಜಮಾನರು ಮನೆಗೆ ಬೆಂಕಿ ಬಿತ್ತೇನೋ ಎಂದು ಓಡಿ ಬಂದರು.

ಅದನ್ನು ಕ್ಷಮೆ ಎಂದು ನಾನು ಹಿಡಿದುಕೊಳ್ಳುವುದಿಲ್ಲ. ಬಾಯಿಯ ಅಭ್ಯಾಸವಿರಬಹುದು. ಅವಳ ಅತ್ತೆಯ ಬಾಯಿಗೆ ಹೋದದ್ದು ಹೋಯಿತು, ನಾನು ಎಷ್ಟು ಹಣ್ಣು ಹೊತ್ತರೂ ಅದು ಹಿಂದಿರುಗುವುದಿಲ್ಲ. ಅವಳು ಸಾಯುವವರೆಗೂ ನನ್ನ ಜೊತೆ ಮಾತಾಡದಿದ್ದರೆ ಅದು ಅವಳ ನ್ಯಾಯ. ಈ ಓಲೆಯನ್ನು ಹೀಗೆಯೇ ಕೂಟದಲ್ಲಿ ಓದುತ್ತೇನೆ, ನೀವು ಬೇಡವೆನ್ನದಿದ್ದರೆ. ಚಪ್ಪಾಳೆ ಮಾತ್ರ ತಟ್ಟಬೇಡಿ.

ಮಧ್ಯಾಹ್ನ ಈ ಕ್ರಿಸ್ಮಸ್ಸಿನ ಕಿತ್ತಳೆ ತೆಗೆದುಕೊಂಡು ಹೋದೆ, ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ. ಶ್ರುತಿಯೇ ತೆಗೆದುಕೊಂಡಳು. ಈಗಷ್ಟೇ ತಟ್ಟೆ ಬಂತು. ಖಾಲಿ. ಒರೆಸಿ ಒಲೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಸಂಕ್ರಾಂತಿಗೆ ಬೇಕಾಗುತ್ತದೆ.