ಕೈ ಎತ್ತಿದರೆ ನಿಲ್ಲುವ ರೈಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ, ಸ್ಟಾಪಿನಲ್ಲಿ ನಿಲ್ಲಿಸದೆ ಹೋದ ಸಿಟಿ ಬಸ್ಸಿನ ಹಿಂದೆ ಓಡಿ, ಅದರ ತಗಡು ಬಡಿದು ನಿಲ್ಲಿಸಿ, ಕಂಡಕ್ಟರನ ಜೊತೆ ಮುಂದಿನ ಎರಡು ಸ್ಟಾಪಿನವರೆಗೂ ಜಗಳವಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಾರ್ಸಿಕಾ ದ್ವೀಪದಲ್ಲಿ ನಾನು ಮಾಡಿದ ದಡ್ಡತನ ನಿಮಗೆ ಅರ್ಥವಾಗುವುದಿಲ್ಲ.

ಟೋಕಿಯೋ ಪಕ್ಕದ ಉರಯಾಸುವಿಗೆ ಬಂದು ನಮಗೆ ಹನ್ನೊಂದು ವರ್ಷವಾಗಿತ್ತು. ನಮ್ಮ ಯಜಮಾನರು ದಿನಾ ರೈಲಿನಲ್ಲಿ ನಿಂತುಕೊಂಡೇ ಆಫೀಸಿಗೆ ಹೋಗುತ್ತಿದ್ದರು, ನಿಂತುಕೊಂಡೇ ಮನೆಗೆ ಬರುತ್ತಿದ್ದರು. ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಫ್ರಾನ್ಸಿನ ಕಾರ್ಸಿಕಾದಲ್ಲಿ ಮೆಡಿಟರೇನಿಯನ್ ಸಮುದ್ರದ ಅಂಚಿನಲ್ಲೇ ಸಾಗುವ ಎರಡು ಬೋಗಿಯ ಪುಟ್ಟ ರೈಲು. ಇಳಿದರೆ ಕಾಲು ನೇರ ಮರಳಿಗೆ.

"ಒಂದ್ಸಲ ಇದ್ರಲ್ಲಿ ಕಿಟಕಿ ಪಕ್ಕ ಕೂತ್ಕೊಂಡ್ ಹೋಗಿ, ಆ ನೀರಲ್ಲಿ ಕಾಲಿಡ್ಬೇಕು ಕಣೇ," ಎನ್ನುತ್ತಿದ್ದರು.

"ರಿಟೈರ್ ಆಗಿ, ಆಮೇಲೆ ನೋಡೋಣ," ಎಂದು ನಾನು ಗೇಲಿ ಮಾಡುತ್ತಿದ್ದೆ.

ರಿಟೈರ್ ಆಗುವಷ್ಟು ಆಯುಸ್ಸು ಅವರಿಗಿಲ್ಲ ಎಂದು ಗೊತ್ತಾದದ್ದು ಒಂದು ಅಕ್ಟೋಬರಿನಲ್ಲಿ. ಹೊಟ್ಟೆಯೊಳಗಿನ ಗಡ್ಡೆ ಅಷ್ಟು ಹೊತ್ತಿಗೆ ಲಿವರಿಗೂ ಹರಡಿತ್ತು. ಮಾರನೆಯ ವರ್ಷ ಮೇ ತಿಂಗಳಲ್ಲಿ, ಒಂದು ಸುತ್ತಿನ ಔಷಧಿ ಮುಗಿದ ಮೇಲೆ ಡಾಕ್ಟರು ಎರಡು ವಾರ ಬಿಡುವು ಕೊಟ್ಟರು. ಬೆಂಗಳೂರಿಗೆ ಹೋಗೋಣ ಎಂದೆ. "ಅಲ್ಲಿಗೆ ಹೋದ್ರೆ ಎಲ್ರೂ ನನ್ನ ಮುಖ ನೋಡಿ ಅಳ್ತಾರೆ. ಕಾರ್ಸಿಕಾಗೆ ಹೋಗೋಣ," ಎಂದರು. ಒಂಬತ್ತು ವರ್ಷದ ಮಗಳು ಫ್ರಿಜ್ಜಿನಿಂದ ಚಿತ್ರ ಕಿತ್ತು ತನ್ನ ಬ್ಯಾಗಿಗೆ ಹಾಕಿಕೊಂಡಳು.

ದ್ವೀಪದಲ್ಲಿ ನಮಗಿದ್ದದ್ದು ಮೂರೇ ದಿನ. ಮೊದಲ ಎರಡು ದಿನ ಅವರು ರೂಮಿನಲ್ಲಿ ಮಲಗಿಯೇ ಇದ್ದರು, ಕಿಟಕಿಯಿಂದ ಕೆಳಗೆ ದೂರದಲ್ಲಿ ಸಮುದ್ರ ಕಾಣುತ್ತಿತ್ತು ಅಷ್ಟೇ. ಮೂರನೆಯ ದಿನ ಬೆಳಿಗ್ಗೆ ತಾವೇ ಎದ್ದು, ಗಡ್ಡ ಹೆರೆದುಕೊಂಡು, "ಹೊರಡಿ ಹೊರಡಿ," ಎಂದು ನಮ್ಮನ್ನೇ ಅವಸರಪಡಿಸಿದರು. ನನಗೆ ಜೀವ ಬಂದಂತಾಯಿತು. ರೂಮಿನ ಪುಟ್ಟ ಒಲೆಯ ಮೇಲೆ ಅನ್ನ ಮಾಡಿ, ಮೊಸರು ಕಲಸಿ, ಮಗಳ ಬೆಂತೋ ಡಬ್ಬಿಗೆ ತುಂಬಿದೆ. ಚಿತ್ರದಲ್ಲಿದ್ದ ಮರಳದಂಡೆಗೆ ರಸ್ತೆಯಿಲ್ಲ, ರೈಲಿನಲ್ಲೇ ಹೋಗಬೇಕು. ರೈಲು ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ನಾವು ಹತ್ತಕ್ಕೇ ಹೋಗಿ ನಿಂತೆವು.

ನಿಲ್ದಾಣವೆಂದರೆ ಒಂದು ಸಿಮೆಂಟಿನ ಕಟ್ಟೆ, ಒಂದು ಬೆಂಚು, ಒಂದು ಬೋರ್ಡು. ಬೇರೆ ಯಾರೂ ಇಲ್ಲ. ಉರಯಾಸುವಿನ ಹಾಗೆ ಸಾಲು ನಿಲ್ಲಲು ನೆಲದ ಮೇಲೆ ಗೆರೆಯೂ ಇಲ್ಲ. ಆದರೂ ಜಪಾನಿನ ರೂಢಿಯಂತೆ ನಾವು ಮೂವರೂ ಅಂಚಿನಿಂದ ಹಿಂದೆ ಸರಿದು, ಬೆನ್ನಿನ ಚೀಲಗಳನ್ನು ಎದೆಯ ಮೇಲಕ್ಕೆ ತಿರುಗಿಸಿಕೊಂಡು, ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತೆವು. ಮೊದಲು ಮಗಳು, ಆಮೇಲೆ ಅವರು, ಕೊನೆಗೆ ನಾನು.

ರೈಲು ಬಂತು. ನಿಧಾನ ಮಾಡಿತು, ಒಮ್ಮೆ ಕೂಗಿತು. ಚಾಲಕ ನಮ್ಮನ್ನೇ ದಿಟ್ಟಿಸಿ ನೋಡಿದ. ಯಜಮಾನರು ಅಭ್ಯಾಸಬಲದಿಂದ ತಲೆ ಬಾಗಿಸಿ ವಂದಿಸಿದರು. ಮಗಳೂ ಬಾಗಿದಳು. ನಾನೂ ಬಾಗಿದೆ. ಅವನು ನಕ್ಕು, ತಾನೂ ತಲೆ ಬಾಗಿಸಿ, ವೇಗ ಹೆಚ್ಚಿಸಿಕೊಂಡು ಹೊರಟೇ ಹೋದ.

"ಅಯ್ಯೋ ನನ್ನ ಕರ್ಮವೇ! ನಿಲ್ಸೀ! ನಿಲ್ಸ್ರೀ!" ಎಂದು ಕನ್ನಡದಲ್ಲೇ ಕಿರುಚುತ್ತಾ ಕಟ್ಟೆಯ ಕೊನೆಯವರೆಗೂ ಓಡಿದೆ. ರೈಲು ತಿರುವಿನಲ್ಲಿ ಮರೆಯಾಯಿತು. ಟೊಮೇಟೊ ಚೀಲ ಹಿಡಿದು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿ ನಮ್ಮನ್ನು ನೋಡಿ ನಿಂತಳು. ಮಾತು ತಿಳಿಯದು ಎಂದು ಗೊತ್ತಾಗಿ, ಚೀಲ ಕೆಳಗಿಟ್ಟು, ಬಲಗೈಯನ್ನು ಮೇಲೆತ್ತಿ ಬೀಸಿ ತೋರಿಸಿದಳು. ಅಲ್ಲಿನ ಚಿಕ್ಕ ನಿಲ್ದಾಣಗಳಲ್ಲಿ ಕೈ ಎತ್ತಿದರೆ ಮಾತ್ರ ರೈಲು ನಿಲ್ಲುತ್ತದೆ. ಸುಮ್ಮನೆ ನಿಂತವರನ್ನು ಅದು ಹತ್ತಿಸಿಕೊಳ್ಳುವುದಿಲ್ಲ.

ಮುಂದಿನ ರೈಲಿಗೆ ಎರಡೂವರೆ ಗಂಟೆಯಿತ್ತು. ಕಾಯೋಣ ಎಂದು ಯಜಮಾನರು ಬೆಂಚಿನ ಮೇಲೆ ಕೂತರು. ಅರ್ಧ ಗಂಟೆಯಲ್ಲಿ ಆ ಬಿಸಿಲಿನಲ್ಲೂ ಅವರಿಗೆ ಚಳಿ ಹತ್ತಿತು. ನನ್ನ ಹೆಗಲ ಮೇಲೆ ಭಾರ ಹಾಕಿಕೊಂಡು ರೂಮಿಗೆ ವಾಪಸ್ಸಾದರು. ಮೊಸರನ್ನವನ್ನು ಹಾಸಿಗೆಯ ಮೇಲೇ ತಿಂದೆವು.

"ಎಂಥಾ ಮರ್ಯಾದಸ್ಥರು ಕಣೇ ನಾವು! ರೈಲಿಗೆ ನಮಸ್ಕಾರ ಮಾಡಿ ಕಳಿಸ್ಕೊಟ್ವಲ್ಲ," ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ಮಾರನೆಯ ದಿನ ವಿಮಾನ. ಆ ನೀರಿನಲ್ಲಿ ಅವರು ಕಾಲಿಡಲಿಲ್ಲ.

ಜಪಾನಿಗೆ ಮರಳಿದ ಮೇಲೆ ಆಸ್ಪತ್ರೆಯೇ ಮನೆಯಾಯಿತು. ಎಷ್ಟೇ ನೋವಾದರೂ ದಾದಿಯರನ್ನು ಕರೆಯುವ ಗುಂಡಿ ಒತ್ತುತ್ತಿರಲಿಲ್ಲ ಈ ಮಹಾನುಭಾವರು. ಪಾಪ, ಅವರಿಗೂ ಕೆಲಸವಿರುತ್ತೆ, ಹೇಗೂ ಬಂದೇ ಬರ್ತಾರಲ್ಲ ಎನ್ನುತ್ತಿದ್ದರು. ನಾನು ಬೈದರೂ ಕೇಳುತ್ತಿರಲಿಲ್ಲ. ಯಾವ ಮಾತಿಗೂ ಜಪಾನಿಯಲ್ಲೇ ಉತ್ತರಿಸುವ ಮಗಳು ಗುಂಡಿಯನ್ನು ಅವರ ಅಂಗೈಗೆ ಇಟ್ಟು, ಕನ್ನಡದಲ್ಲಿ, "ಅಪ್ಪಾ, ಕೈ ಎತ್ತು," ಎನ್ನುತ್ತಿದ್ದಳು. ಅವಳು ಹೇಳಿದರೆ ಒತ್ತುತ್ತಿದ್ದರು. ನವೆಂಬರಿನಲ್ಲಿ ಹೋಗಿಬಿಟ್ಟರು.

ರೈಲು ತಪ್ಪಿದ್ದಕ್ಕೆ ನಾನು ಇಷ್ಟು ಕೊರಗುವುದಿಲ್ಲ. ಅದಕ್ಕೂ ಹಿಂದಿನದೊಂದಿದೆ, ಹೇಳಲು ನಾಲಿಗೆ ಏಳುವುದಿಲ್ಲ. ಕಾಯಿಲೆ ಗೊತ್ತಾಗುವುದಕ್ಕೆ ಮುಂಚಿನ ಆ ಬೇಸಿಗೆಯಲ್ಲಿ, ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವರು ಬಲಪಕ್ಕೆ ಒತ್ತಿಹಿಡಿದು ನಿಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದು ಸಲವಲ್ಲ, ಎಷ್ಟೋ ಸಲ.

"ಡಾಕ್ಟರಿಗೆ ತೋರಿಸ್ರೀ," ಎಂದಿದ್ದೆ.

"ಅಕ್ಟೋಬರಲ್ಲಿ ಹೇಗೂ ಆಫೀಸಿನ ಚೆಕಪ್ ಇದೆಯಲ್ಲ. ಈಗ ರಜಾ ಹಾಕಿದ್ರೆ ಟೀಮಿನವ್ರಿಗೆ ತೊಂದ್ರೆ," ಎಂದಿದ್ದರು.

ಸರಿ ಎಂದು ಸುಮ್ಮನಾದೆ. ಬಸ್ಸಿನ ತಗಡು ಬಡಿದವಳು, ಗಂಡನ ಸರದಿ ಬರಲಿ ಎಂದು ನಾಲ್ಕು ತಿಂಗಳು ತೆಪ್ಪಗೆ ಕಾದೆ. ಬೇಗ ತೋರಿಸಿದ್ದರೂ ಏನೂ ಬದಲಾಗುತ್ತಿರಲಿಲ್ಲವೇನೋ ಎಂದು ಡಾಕ್ಟರು ಆಮೇಲೆ ಸಮಾಧಾನ ಹೇಳಿದರು. ಆ 'ಏನೋ' ಇದೆಯಲ್ಲ, ಅದು ನನ್ನನ್ನು ತಿನ್ನುತ್ತದೆ.

ಹೋದ ತಿಂಗಳು ಮಗಳ ಶಾಲೆಯಿಂದ ಇಬ್ಬರೂ ಮನೆಗೆ ಬರುತ್ತಿದ್ದೆವು. ಪ್ಲಾಟ್‌ಫಾರ್ಮಿನಲ್ಲಿ ಸಾಲಿನಲ್ಲಿದ್ದಾಗ, ಅಲ್ಲಿ ನಿಲ್ಲದ ವೇಗದ ರೈಲೊಂದು ಬಂತು. ಮಗಳು ಇದ್ದಕ್ಕಿದ್ದಂತೆ ಬಲಗೈ ಮೇಲೆತ್ತಿದಳು. ಮೊದಲಾಗಿದ್ದರೆ ಎಲ್ಲರೂ ನೋಡುತ್ತಾರೆ ಎಂದು ಗದರಿ ಅವಳ ಕೈ ಇಳಿಸುತ್ತಿದ್ದೆ. ನಾನೂ ಎತ್ತಿದೆ. ರೈಲು ಗಾಳಿ ಎಬ್ಬಿಸಿಕೊಂಡು ಹೊರಟುಹೋಯಿತು. ನಾವಿಬ್ಬರೂ ಕೈ ಇಳಿಸಲಿಲ್ಲ.

ಸ್ಟೇಷನ್ನಿನ ನೌಕರರೊಬ್ಬರು ಗಾಬರಿಯಿಂದ ಓಡಿ ಬಂದರು. ಏನಾದರೂ ತೊಂದರೆಯಾಗಿದೆಯೇ ಎಂದು ಜಪಾನಿಯಲ್ಲಿ ಕೇಳಿದರು. ಇಷ್ಟು ವರ್ಷ ಇಂಥ ಪ್ರಶ್ನೆಗೆ ನನ್ನ ಬಾಯಿಗೆ ತಾನಾಗಿ ಬರುತ್ತಿದ್ದ ಉತ್ತರ ಒಂದೇ: ಸುಮಿಮಾಸೆನ್, ಅಂದರೆ ಕ್ಷಮಿಸಿ, ಏನಿಲ್ಲ.

"ಆಗಿದೆ," ಎಂದೆ.