ಅಕ್ಕೋರ ಗೊರಕೆ

ಅಕ್ಕೋರ ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ತುಸು ಕೆಳಗೆ ಜೋತುಬಿದ್ದಿತ್ತು. ಬೆಳಗಾವಿಯ ಅಂಗಡಿಕಾರರು ಮಧ್ಯಾಹ್ನ ಊಟಕ್ಕೆ ಹೋಗುವ ಮುಂಚೆ ಶಟರ್ ಅರ್ಧ ಎಳೆದಿರುತ್ತಾರಲ್ಲ, ಹಾಗೆ. ಒಳಗೆ ಯಾರೋ ಇದ್ದಾರೆ, ಆದರೆ ವ್ಯಾಪಾರ ನಡೆಯುವ ಲಕ್ಷಣವಿಲ್ಲ. ಹೊಸದಾಗಿ ನೋಡಿದವರು, ಪಾಪ, ಈ ಶಿಕ್ಷಕಿ ನಿದ್ದೆಗೆಟ್ಟಿದ್ದಾರೆ ಎಂದುಕೊಳ್ಳುತ್ತಿದ್ದರು. ನಾನೂ ಮೊದಲ ದಿನ ಹಾಗೇ ಅಂದುಕೊಂಡಿದ್ದೆ.

ಖಾನಾಪುರದ ನಮ್ಮ ಹೈಸ್ಕೂಲಿನಲ್ಲಿ ಅವರು ಕನ್ನಡ ಕಲಿಸುತ್ತಿದ್ದರು, ನಾನು ವಿಜ್ಞಾನ. ಅವರ ಮನೆ ಬೆಳಗಾವಿಯ ಅನಗೋಳದ ಒಂದು ಓಣಿಯಲ್ಲಿ, ನನ್ನದು ಟಿಳಕವಾಡಿಯಲ್ಲಿ. ಬೆಳಿಗ್ಗೆ ಬೆಳಗಾವಿಯಿಂದ ಒಂದೇ ಟ್ರೇನಿನಲ್ಲಿ ಹೋಗುತ್ತಿದ್ದೆವು, ಸಂಜೆ ಒಂದೇ ಟ್ರೇನಿನಲ್ಲಿ ಮರಳುತ್ತಿದ್ದೆವು. ದಿನಾ ಹೋಗಿ ಬರುವ ಈ ಬದುಕು ಮನುಷ್ಯನನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಸಾಲಿಯಲ್ಲಿ ಎಷ್ಟು ದಣಿಯುತ್ತೇವೆ, ದಾರಿಯಲ್ಲಿ ಎಷ್ಟು ದಣಿಯುತ್ತೇವೆ ಎಂದು ಲೆಕ್ಕ ಹಚ್ಚುವ ಹುರುಪೂ ಉಳಿದಿರುವುದಿಲ್ಲ.

ಅಕ್ಕೋರು ಜೈನರ ಮನೆಯವರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದು ತುತ್ತೂ ಹಾಕುತ್ತಿರಲಿಲ್ಲ. ಆದ್ದರಿಂದ ಸಂಜೆಯ ಊಟದ ಡಬ್ಬಿಯನ್ನೂ ಬೆಳಿಗ್ಗೆಯೇ ಕಟ್ಟಿಕೊಂಡು ಬಂದು, ಮರಳುವಾಗ ಟ್ರೇನಿನ ಕಿಟಕಿಯಲ್ಲಿ ಸೂರ್ಯನನ್ನು ನೋಡುತ್ತ ಉಣ್ಣುತ್ತಿದ್ದರು. ರೊಟ್ಟಿ, ಮಡಕಿ ಕಾಳಿನ ಪಲ್ಯ, ಒಣಖಾರ. ಹೆಡ್‌ಮಾಸ್ತರರ ಮೀಟಿಂಗು ಉದ್ದವಾದ ದಿನ ಸೂರ್ಯ ಅವರಿಗಾಗಿ ಕಾಯುತ್ತಿರಲಿಲ್ಲ. ಆಗ ಡಬ್ಬಿ ಹೋದ ಹಾಗೇ ಮನೆಗೆ ಮರಳುತ್ತಿತ್ತು. "ಮೀಟಿಂಗ ನಡುವ ಎದ್ದು ಉಂಡು ಬರ್ರಿ, ಯಾರ್ ಏನ್ ಅಂತಾರ?" ಎಂದರೆ, "ನಾ ಎದ್ರ ಅವರ ಮಾತಿಗೆ ಬೇಸತ್ತು ಎದ್ದೆ ಅಂತ ತಿಳೀತಾರ್ರಿ. ಅದು ಖರೇನ ಇರತೈತಿ, ಅದಕ್ಕ ಏಳೂದಿಲ್ಲ" ಎನ್ನುತ್ತಿದ್ದರು.

ಆ ವರ್ಷ ಸಾಲಿಯಲ್ಲಿ ಬರವಣಿಗೆ ಸಂಘ ತೆರೆಯಬೇಕೆಂದು ಮೇಲಿನಿಂದ ಸುತ್ತೋಲೆ ಬಂತು. ಶನಿವಾರದ ಕೊನೆಯ ಪಿರಿಯಡ್ಡು. ಅಕ್ಕೋರು ಕನ್ನಡದವರೆಂದು ಅವರ ಕೊರಳಿಗೆ ಬಿತ್ತು. ಆ ಹೊತ್ತಿಗೆ ನನಗೆ ಬಿಡುವಿತ್ತೆಂದು ನನ್ನ ಕೊರಳಿಗೂ ಬಿತ್ತು. ಮೊದಲ ಶನಿವಾರ 'ನಮ್ಮ ಊರು' ಬಗ್ಗೆ ಬರೆಯಿರಿ ಅಂದೆವು. ಎಲ್ಲರೂ ಒಂದೇ ಊರಿನವರಂತೆ ಬರೆದರು. ನಮ್ಮ ಊರು ಸುಂದರವಾಗಿದೆ, ಜನ ಅನ್ಯೋನ್ಯವಾಗಿ ಬಾಳುತ್ತಾರೆ.

"ಅಲ್ಲಪಾ," ಅಂದರು ಅಕ್ಕೋರು ಒಬ್ಬನಿಗೆ, "ಮೊನ್ನೆ ನಿಮ್ಮೂರಾಗ ಬೋರಿನ ನೀರಿನ ಸಲುವಾಗಿ ತಲಿ ತಲಿ ಒಡಕೊಂಡಾರ. ನಿಮ್ಮಪ್ಪನ ತಲಿಗೂ ಪಟ್ಟಿ ಐತಿ. ಇದೆಂಥಾ ಅನ್ಯೋನ್ಯ?"

ಹುಡುಗರು ನಕ್ಕರು. ಮುಂದಿನ ವಾರವೂ ಅದನ್ನೇ ಬರೆದರು. ಗೈಡಿನ ರುಚಿ ಹತ್ತಿದ ಕೈ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಆಮೇಲೆ ಅಕ್ಕೋರು ತಮ್ಮದೇ ಒಂದು ಅಭ್ಯಾಸ ಕಂಡುಹಿಡಿದರು. ಕುರ್ಚಿಯಲ್ಲಿ ಕುಳಿತು, ಸೆರಗು ಹೊದ್ದು, ಎರಡೂ ಕಣ್ಣು ಮುಚ್ಚಿದರು. "ನಂಗ ನಿದ್ದಿ ಬಂದೈತಿ. ಒಬ್ಬೊಬ್ರ ಬರದದ್ದು ಓದ್ರಿ. ಯಾರ ಮಾತು ನನ್ನ ಎಬ್ಬಸತೈತಿ ನೋಡೂಣು." ಮೊದಲ ಹುಡುಗ ಓದಿದ: "ಸೂರ್ಯನು ಪೂರ್ವದಲ್ಲಿ ಉದಯಿಸಿದನು. ಹಕ್ಕಿಗಳು ಚಿಲಿಪಿಲಿಗುಟ್ಟಿದವು." ಅಕ್ಕೋರು ಗೊರ್ರ್ ಎಂದು ಗೊರಕೆ ಹೊಡೆದರು. ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. ಅವತ್ತು ಯಾರೂ ಅವರನ್ನು ಎಬ್ಬಿಸಲಿಲ್ಲ. ಗಂಟೆ ಬಾರಿಸಿದ ಸಿಪಾಯಿಯೇ ಎಬ್ಬಿಸಿದ.

ಅಂದಿನಿಂದ ಅದೇ ನಮ್ಮ ಸಂಘದ ಪದ್ಧತಿ. ಅಭ್ಯಾಸಗಳು ಮಾತ್ರ ವಾರಕ್ಕೊಂದು. ನಿಮ್ಮ ಮನೆ ಬಾಗಿಲು ತೆರೆದಾಗ ಏನು ಸಪ್ಪಳವಾಗುತ್ತದೆ? ಇವತ್ತು ಯಾರಿಗೆ ಸುಳ್ಳು ಹೇಳಿದಿರಿ? ಮನೆಯಲ್ಲಿ ಯಾರು ಯಾರ ಜೊತೆ ಮಾತಾಡುವುದಿಲ್ಲ? ಸುಳ್ಳು ವಾಕ್ಯಕ್ಕೆ ಗೊರಕೆ. ಪರವಾಗಿಲ್ಲ ಅನ್ನುವಂಥದ್ದಕ್ಕೆ ಮೌನ. ಖರೇ ಮಾತು ಬಂದರೆ ಬಲಗಣ್ಣು ತೆರೆಯುತ್ತಿತ್ತು. ಎಡಗಣ್ಣು ಹೇಗೂ ಹಿಂದಿನಿಂದ ನಿಧಾನಕ್ಕೆ ಬರುತ್ತಿತ್ತು.

ಕೊನೆ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಕಾಡಂಚಿನ ಹಳ್ಳಿಯವಳು, ಮನೆಯಲ್ಲಿ ಮರಾಠಿ, ಅಜ್ಜಿ ಎಮ್ಮೆ ಸಾಕಿದವಳು. ಅವಳು ಬಾಯಿ ತೆರೆದದ್ದನ್ನು ನಾನು ಕಂಡಿರಲಿಲ್ಲ. ಒಂದು ಶನಿವಾರ ಎದ್ದು ನಿಂತು, "ಮರಾಠಿಯೊಳಗ ಹೇಳ್ಲೇನ್ರಿ ಅಕ್ಕೋರ?" ಎಂದಳು. ಕಣ್ಣು ಮುಚ್ಚಿಕೊಂಡೇ ಅಕ್ಕೋರು, "ಮೊದಲ ಎಬ್ಬಸು. ಯಾವ ಭಾಷಾದಾಗ ಎಬ್ಬಸಿದಿ ಅಂತ ಎದ್ದ ಮ್ಯಾಲ ನೋಡೂಣು" ಎಂದರು. ಹುಡುಗಿ ಮರಾಠಿಯಲ್ಲಿ ಹೇಳಿದಳು, ಆಮೇಲೆ ತಾನೇ ತಡವರಿಸುತ್ತ ಕನ್ನಡಕ್ಕೆ ತಂದಳು: "ನಮ್ಮಜ್ಜಿ ಎಮ್ಮಿ ಕೂಡ ದಿನಾ ಜಗಳ ಆಡ್ತಾಳ. ನಮ್ಮವ್ವನ ಕೂಡ ಮಾತ ಆಡೂದಿಲ್ಲ."

ಅಕ್ಕೋರ ಎರಡೂ ಕಣ್ಣು ಒಮ್ಮೆಲೇ ತೆರೆದವು. ಅಂಥದ್ದನ್ನು ನಾನು ಮೊದಲ ಸಲ ನೋಡಿದೆ. ಅವರು ಆ ಹುಡುಗಿಯನ್ನೇ ನೋಡುತ್ತ ಕುಳಿತರು.

ಹೆಡ್‌ಮಾಸ್ತರರಿಗೆ ಇದು ಸರಿಬರಲಿಲ್ಲ. ತಾಲೂಕು ಪ್ರಬಂಧ ಸ್ಪರ್ಧೆ ಹತ್ತಿರ ಬಂದಿತ್ತು. ಒಳ್ಳೆಯದೊಂದು ಪ್ರಬಂಧ ಬರೆದುಕೊಟ್ಟು ಬಾಯಿಪಾಠ ಮಾಡಿಸಿರಿ ಎಂದರು. ಅಕ್ಕೋರು ಒಲ್ಲೆ ಎಂದರು. "ಬಹುಮಾನ ಬರದಿದ್ರ ಆ ಪಿರಿಯಡ್ಡು ಗಣಿತಕ್ಕ ಹೋಗತೈತಿ ನೋಡ್ರಿ" ಎಂದು ಹೆಡ್‌ಮಾಸ್ತರರು ಖಡಾಖಂಡಿತ ಹೇಳಿದರು. ಬಹುಮಾನ ಬರಲಿಲ್ಲ. ವರ್ಷ ಮುಗಿಯುವ ತನಕ ನಡೆಯಲಿ ಎಂದು ಅಕ್ಕೋರು ಕಾಡಿ ಬೇಡಿ ಉಳಿಸಿಕೊಂಡರು. ಮುಂದಿನ ವರ್ಷ ಅವರ ನಿವೃತ್ತಿ.

ಒಂದು ಸಂಜೆ ಟ್ರೇನಿನಲ್ಲಿ ಡಬ್ಬಿಯ ಮುಚ್ಚಳ ಹಾಕುತ್ತ ಕೇಳಿದರು: "ಸರ್, ನಾ ಹೋದ ಮ್ಯಾಲ ಸಂಘ ನೀವು ನಡಸ್ತೀರಿ?"

ನನಗೋ ಸಾಕುಸಾಕಾಗಿತ್ತು. ಪ್ರಯೋಗಾಲಯ, ಪರೀಕ್ಷೆ, ಗಣತಿ, ಚುನಾವಣೆ ಕೆಲಸ. ಅದರ ಮೇಲೆ ಇದೊಂದು. "ನೋಡೂಣ್ರಿ" ಎಂದೆ.

ಅಕ್ಕೋರು ಕಿಟಕಿಗೆ ತಲೆಯಾನಿಸಿ, ಕಣ್ಣು ಮುಚ್ಚಿ, ಬೋಗಿಯೆಲ್ಲ ಕೇಳುವಂತೆ ಗೊರಕೆ ಹೊಡೆದರು. ಎದುರಿಗಿದ್ದ ಮುದುಕ ಗಾಬರಿಯಾಗಿ ಚೀಲ ಎತ್ತಿಕೊಂಡ. ನಾನು ನಕ್ಕೆ.

ನಿವೃತ್ತಿಯ ತನಕ ಅವರು ಉಳಿಯಲಿಲ್ಲ. ಹೊಟ್ಟೆನೋವೆಂದು ರಜೆ ಹಾಕಿದವರು ಆಸ್ಪತ್ರೆಗೆ ಸೇರಿದರು, ಅಲ್ಲಿಂದ ಮರಳಲಿಲ್ಲ. ನೋಡಲು ಹೋದಾಗ ಔಷಧದ ಮಂಪರಿನಲ್ಲಿದ್ದರು. ಏನು ಹೇಳಿ ಎಬ್ಬಿಸಬೇಕೋ ನನಗೆ ತಿಳಿಯಲಿಲ್ಲ. ತಂದ ಹಣ್ಣು ಅಲ್ಲೇ ಇಟ್ಟು ಎದ್ದು ಬಂದೆ.

ಸಾಲಿಯ ಬಯಲಿನಲ್ಲಿ ಶ್ರದ್ಧಾಂಜಲಿ ಸಭೆ. ಹೆಡ್‌ಮಾಸ್ತರರು ಚೀಟಿ ನೋಡಿ ಓದಿದರು: "ಅವರ ಅಗಲಿಕೆಯಿಂದ ಶೈಕ್ಷಣಿಕ ಕ್ಷೇತ್ರಕ್ಕೆ ತುಂಬಲಾರದ ನಷ್ಟವಾಗಿದೆ. ಅವರು ಸರಳತೆಯ ಸಾಕಾರಮೂರ್ತಿಯಾಗಿದ್ದರು."

ಮಕ್ಕಳ ಹಿಂದಿನ ಸಾಲಿನಿಂದ ಗೊರ್ರ್ ಎಂದು ಗೊರಕೆ ಕೇಳಿತು.

"ಯಾರ ಅದು?" ಹೆಡ್‌ಮಾಸ್ತರರ ಮುಖ ಕೆಂಪಗಾಗಿತ್ತು. "ಸತ್ತವರ ಸಭಾದಾಗ ಚಾಷ್ಟಿ ಮಾಡ್ತೀರಿ? ನಾಚಿಕಿ ಬರೂದಿಲ್ಲ?"

ಕೊನೆ ಬೆಂಚಿನ ಹುಡುಗಿ ಎದ್ದು ನಿಂತಳು. ಗಳಗಳ ಅಳುತ್ತಿದ್ದಳು. "ನಾನ್ರಿ ಸರ್," ಎಂದಳು. "ಚಾಷ್ಟಿ ಅಲ್ರಿ."

ಮುಂದೆ ಮಾತಾಡಬೇಕಾದವನು ನಾನು. ನನ್ನ ಕಿಸೆಯ ಚೀಟಿಯಲ್ಲೂ ತುಂಬಲಾರದ ನಷ್ಟವೇ ಇತ್ತು. ಅದನ್ನು ಅಲ್ಲೇ ಬಿಟ್ಟು ಮೈಕಿನ ಮುಂದೆ ನಿಂತೆ. "ಮೀಟಿಂಗ ತಡಾ ಆದ ದಿನ ಅಕ್ಕೋರು ಉಪವಾಸ ಮನಿಗಿ ಹೋಗತಿದ್ರು," ಎಂದೆ. "ನಾ ಟ್ರೇನಿನ್ಯಾಗ ಅವರ ಬಾಜೂಕ ಕುಂತು ವಡಾ ತಿಂತಿದ್ದೆ. ಒಂದ ದಿನಾನೂ ಅವರು ಮಾರಿ ಆಕಡೆ ತಿರುಗಿಸಲಿಲ್ಲ."

ಅಷ್ಟೇ ಹೇಳಲಾಯಿತು. ಗೊರಕೆ ಬರಲಿಲ್ಲ. ಹೆಡ್‌ಮಾಸ್ತರರು ಚೀಟಿ ಮಡಚುತ್ತ ತಲೆ ತಗ್ಗಿಸಿದರು. ಹುಡುಗಿಗೆ ಕುಳಿತುಕೋ ಎಂದು ಕೈಸನ್ನೆ ಮಾಡಿದರು. ಸಭೆ ಮುಗಿದ ಮೇಲೆ ನಾನೇ ಅವರ ಕೋಣೆಗೆ ಹೋಗಿ, ಶನಿವಾರದ ಕೊನೆ ಪಿರಿಯಡ್ಡು ನನಗಿರಲಿ ಎಂದೆ. ಅವರು ಹೂಂ ಎಂದರು, ಕಾರಣ ಕೇಳಲಿಲ್ಲ.

ಈಗ ಶನಿವಾರ ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಕಣ್ಣು ಮುಚ್ಚುತ್ತೇನೆ. ನಟಿಸುವ ಅಗತ್ಯವೇ ಬೀಳುವುದಿಲ್ಲ, ವಾರದ ದಣಿವೆಲ್ಲ ರೆಪ್ಪೆಯ ಮೇಲೆ ಬಂದು ಕೂತಿರುತ್ತದೆ. ಅಕ್ಕೋರೂ ನಟಿಸುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಅಷ್ಟು ದಣಿದವರು ಪ್ರತಿ ವಾರ ಎಚ್ಚರಾಗಲು ಬರುತ್ತಿದ್ದರು.

ಹೋದ ವಾರ ನನಗೆ ನಿಜಕ್ಕೂ ಜೊಂಪು ಹತ್ತಿತ್ತು. ಯಾರೋ ಓದುತ್ತಿದ್ದರು, ಏನೋ ದೂರದ ಸದ್ದಿನಂತೆ ಕೇಳುತ್ತಿತ್ತು. ಆಮೇಲೆ ಕೊನೆ ಬೆಂಚಿನಿಂದ ಆ ಹುಡುಗಿಯ ದನಿ, ಈಗ ತಡವರಿಸದ ಕನ್ನಡದಲ್ಲಿ, ಸ್ಪಷ್ಟವಾಗಿ ಬಂತು:

"ನಮ್ಮ ಸರ್ ಕಣ್ಣು ಮುಚ್ಚಿದರೆ ಅಕ್ಕೋರ ಹಾಗೆ ಕಾಣುವುದಿಲ್ಲ. ಅಕ್ಕೋರಿಗಾಗಿ ಕುರ್ಚಿ ಹಿಡಿದು ಕುಳಿತವರ ಹಾಗೆ ಕಾಣುತ್ತಾರೆ."

ನನ್ನ ಎರಡೂ ಕಣ್ಣು ತೆರೆದವು.