ಸೋಫಾದಮ್ಮನ ಕಿವುಡಿ

ಸೋಫಾದಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಎದುರಿಗೆ ಎಲ್ಲರೂ ‘ಅಮ್ಮಾ’ ಎಂದೇ ಕರೆಯುತ್ತಿದ್ದರು; ಬೆನ್ನ ಹಿಂದೆ ಇಡೀ ಬೀದಿಗೆ ಆಕೆ ಸಿಡಿಮದ್ದು. ಹಳೆಯ ಸೋಫಾ, ಕುರ್ಚಿಗಳ ಬಟ್ಟೆ ಕಿತ್ತು, ಸ್ಪ್ರಿಂಗ್ ಬಿಗಿದು, ನಾರು ತುಂಬಿ ಹೊಸದು ಮಾಡಿಕೊಡುವ ಅಂಗಡಿ ಆಕೆಯದು. ಗಂಡನಿಂದ ಕಲಿತ ಕೆಲಸ. ಆತ ತೀರಿಕೊಂಡಾಗ ನೆಂಟರಿಷ್ಟರೆಲ್ಲ ಸೇರಿ, ‘ಹೆಂಗಸಿನ ಕೈಲಿ ಸುತ್ತಿಗೆ ನಿಲ್ಲುತ್ತಾ? ಅಂಗಡಿ ಮಾರಿಬಿಡು’ ಎಂದು ಬುದ್ಧಿ ಹೇಳಿದರು. ಆಕೆ ಬಾಯಿತುಂಬ ಮೊಳೆ ಕಚ್ಚಿಕೊಂಡು ಕೆಲಸಕ್ಕೆ ಕೂತಳು. ಅವತ್ತು ಉಪದೇಶ ಮಾಡಿದವರೇ ಈಗ ತಮ್ಮ ಮುರುಕಲು ಕುರ್ಚಿಗಳನ್ನು ಅಲ್ಲಿಗೆ ಹೊತ್ತು ತರುತ್ತಾರೆ. ಆ ಕೋಪ ಇಲ್ಲದಿದ್ದರೆ ಅಂಗಡಿ ಉಳಿಯುತ್ತಿರಲಿಲ್ಲ, ಒಪ್ಪಲೇಬೇಕು. ಆದರೆ ಬೇಕೆಂದಾಗ ಹೊತ್ತಿಸಿ ಬೇಡವೆಂದಾಗ ಆರಿಸಲು ಕೋಪವೇನು ಗ್ಯಾಸಿನ ಒಲೆಯೇ?

ಗಂಡ ಬಿಟ್ಟುಹೋದ ಜೀವ ಎರಡು. ಒಂದು ಮಗ, ಇನ್ನೊಂದು ಬೂದು ಬಣ್ಣದ ಬೆಕ್ಕು. ಮರಿಯಾಗಿದ್ದಾಗ ನಾರಿನ ಮೂಟೆಯೊಳಗೆ ಗಂಡನ ಕೈಗೆ ಸಿಕ್ಕಿದ್ದು. ಈಗ ಅದಕ್ಕೆ ಮುಪ್ಪು, ಕಿವಿ ಪೂರ್ತಿ ಹೋಗಿತ್ತು. ಅದಕ್ಕೇ ಕಿವುಡಿ ಎಂದು ಹೆಸರು. ತಲೆಯ ಪಕ್ಕದಲ್ಲೇ ಸುತ್ತಿಗೆ ಬೀಳುತ್ತಿದ್ದರೂ ಅದಕ್ಕೆ ಗಾಢ ನಿದ್ದೆ. ಮನೆಮಂದಿಗೆಲ್ಲ ಬೈಗುಳ ಬಡಿಸುವ ಸೋಫಾದಮ್ಮ ಕಿವುಡಿಯನ್ನು ಮಾತ್ರ ಒಂದು ದಿನವೂ ಬೈದವಳಲ್ಲ. ಬೈದಿದ್ದರೂ ಅದಕ್ಕೆ ಕೇಳಿಸುತ್ತಿರಲಿಲ್ಲವೆನ್ನಿ.

ಆ ಕಿವುಡಿ ಒಂದು ಸಂಜೆ ಹಾಲಿಗೆ ಬರಲಿಲ್ಲ.

ಬೇರೆ ಬೆಕ್ಕಾದರೆ ಹೆಸರು ಹಿಡಿದು ಕೂಗಬಹುದು, ಇದನ್ನು ಕೂಗಿ ಏನು ಬಂತು? ಹಾರ್ನ್ ಕೇಳದ ಪ್ರಾಣಿ, ಯಾವ ಕಡೆ ತಿರುಗಿದರೂ ಬಸ್ಸು, ಲಾರಿ. ಮೊಣಕಾಲು ನೋವನ್ನೂ ಲೆಕ್ಕಿಸದೆ ಆಕೆ ನಿಂತ ಕಾರುಗಳ ಕೆಳಗೆಲ್ಲ ಬಗ್ಗಿ ಬಗ್ಗಿ ನೋಡಿದಳು. ಅಪಾರ್ಟ್‌ಮೆಂಟಿನ ವಾಚ್‌ಮನ್ ಗೇಟಿನಲ್ಲೇ ತಡೆದ.

“ಯಾರ ಮನೆಗೆ ಅಂತ ಹೇಳದೆ ಒಳಗೆ ಬಿಡಕ್ಕಾಗಲ್ಲಮ್ಮ.”

“ನನ್ನ ಬೆಕ್ಕು ನಿನ್ನ ಹತ್ರ ಹೇಳಿ ಒಳಗೆ ಹೋಗಿರುತ್ತೇನಪ್ಪಾ?”

ಮಗ ಬೆಕ್ಕಿನ ಫೋಟೋ ಹಾಕಿ ಅಂಟಿಸಿದ ಚೀಟಿಗಳ ಮೇಲೆ ಮರುದಿನವೇ ಯಾರೋ ಟ್ಯೂಷನ್ ಜಾಹೀರಾತು ಮೆತ್ತಿದ್ದರು. ಫೋನ್ ಮಾಡಿದವನೊಬ್ಬ ‘ಮಿಯಾಂವ್’ ಎಂದು ಕಿಸಕ್ಕನೆ ನಕ್ಕು ಇಟ್ಟುಬಿಟ್ಟ. ಇಷ್ಟು ಲಕ್ಷ ಜನರಿರುವ ಊರಿನಲ್ಲಿ ಒಬ್ಬರಿಗೂ ಒಂದು ಬೂದು ಬೆಕ್ಕು ಕಾಣಲಿಲ್ಲವೆಂದರೆ, ಅಷ್ಟೊಂದು ಕಣ್ಣು ಯಾವ ಸುಖಕ್ಕೆ? ಮೀನಿನಂಗಡಿಯವನ ಜೊತೆ ಜಗಳವಾಯಿತು. ಎದುರುಮನೆಯ ನಾಯಿಯ ಯಜಮಾನನ ಜೊತೆ ಜಗಳವಾಯಿತು. ಬೀದಿಯಲ್ಲಿ ಬೈಯಲು ಯಾರೂ ಉಳಿಯದಾಗ ಕೋಪ ಮನೆಗೆ ಬಂತು.

ಮನೆಯಲ್ಲಿ ಸೊಸೆ ಇದ್ದಳು. ಮಾತು ಕಡಿಮೆ, ಅಂಗಡಿ ಕೆಲಸಕ್ಕೂ ಕೈಜೋಡಿಸುವ ಹುಡುಗಿ. ಬೆಕ್ಕಿನ ಕೂದಲು ಸೋಕಿದರೆ ಅವಳಿಗೆ ಸೀನು. ಆದರೂ ಮೂಗಿಗೆ ಕರ್ಚೀಫು ಹಿಡಿದುಕೊಂಡು ದಿನಾ ಅದಕ್ಕೆ ಹಾಲಿಡುತ್ತಿದ್ದವಳು ಅವಳೇ.

“ನೀನೇ ಓಡಿಸಿದೀಯ. ನಿಂಗೆ ಅದನ್ನ ಕಂಡ್ರೆ ಆಗ್ತಿರಲಿಲ್ಲ.”

“ಇಲ್ಲ ಅತ್ತೆ, ನಾನ್ಯಾಕೆ ಓಡಿಸಲಿ?”

“ನೀನು ಕಾಲಿಟ್ಟ ಮೇಲೆ ಈ ಮನೇಲಿ ಯಾವ ಜೀವ ಉಳಿದಿದೆ, ಹೇಳು!”

ಕೆಲವೇ ತಿಂಗಳ ಹಿಂದೆ ಸೊಸೆಗೆ ಗರ್ಭ ಹೋಗಿತ್ತು. ಆಗ ಆಸ್ಪತ್ರೆಯ ಮಂಚದ ಪಕ್ಕ ಊಟ ನಿದ್ದೆ ಬಿಟ್ಟು ಕೂತು ಅವಳ ತಲೆ ಸವರಿದವಳು ಇದೇ ಸೋಫಾದಮ್ಮ. ಅಂಥ ಕೈಯಿರುವವಳಿಗೆ ಇಂಥ ನಾಲಿಗೆಯನ್ನು ಯಾರು ಕೊಟ್ಟರೋ! ಸೊಸೆ ಬೆಕ್ಕಿನ ಬಟ್ಟಲನ್ನು ತೊಳೆದು ಬೋರಲು ಹಾಕಿ ಒಳಗೆ ಹೋದಳು. “ಸಾಕಮ್ಮಾ” ಎಂದದ್ದಕ್ಕೆ ಮಗನಿಗೂ ಮಂಗಳಾರತಿಯಾಯಿತು.

ಮಾರನೆಯ ಬೆಳಿಗ್ಗೆ ಹಲ್ಲಿನ ಡಾಕ್ಟರು ಫೋನ್ ಮಾಡಿದರು. ಬೆಕ್ಕು ಕಾಣೆಯಾದ ದಿನವೇ ಅವರ ಕ್ಲಿನಿಕ್ಕಿಗೆ ಮಗ ತನ್ನ ಟೆಂಪೋದಲ್ಲಿ ರಿಪೇರಿಯಾದ ಸೋಫಾ ಇಳಿಸಿ ಬಂದಿದ್ದ.

“ಏನಮ್ಮ ಇದು, ನಿಮ್ಮ ಸೋಫಾ ಅಳುತ್ತೆ! ಸ್ಪ್ರಿಂಗೋ ಏನೋ, ಕುಂಯ್ ಕುಂಯ್ ಅನ್ನುತ್ತೆ. ನಾನು ಒಳಗೆ ಯಾರಿಗೋ ಹಲ್ಲು ಕೀಳ್ತಿದೀನಿ ಅಂದ್ಕೊಂಡು ಪೇಷಂಟ್‌ಗಳು ಎದ್ದು ಹೋಗ್ತಿದಾರೆ. ನಾನಿನ್ನೂ ಕೋಟೇ ಹಾಕ್ಕೊಂಡಿಲ್ಲ!”

“ನಾನು ಬಿಗಿದ ಸ್ಪ್ರಿಂಗ್ ಇವತ್ತಿನವರೆಗೂ ಉಸಿರೆತ್ತಿಲ್ಲ ಡಾಕ್ಟ್ರೇ. ಇರಿ, ಬಂದೇ ತೋರಿಸ್ತೀನಿ!”

ಬೀದಿಯ ಮಕ್ಕಳಿಗೂ ಹೊಳೆಯುವಂಥದ್ದು ಆಕೆಗೆ ಹೊಳೆಯಲಿಲ್ಲ. ತನ್ನ ಕೆಲಸಕ್ಕೆ ಹೆಸರಿಟ್ಟರಲ್ಲ ಎಂಬ ಉರಿಯಲ್ಲಿ ದಾರಿಯುದ್ದಕ್ಕೂ ಡಾಕ್ಟರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಾ ಟೆಂಪೋದಲ್ಲಿ ಕೂತಿದ್ದಳು.

ಕ್ಲಿನಿಕ್ಕಿನಲ್ಲಿ ಮಗ ಸೋಫಾವನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿದ. ತಳದ ಕಪ್ಪು ಬಟ್ಟೆ ಒಂದು ಮೂಲೆಯಲ್ಲಿ ಒದ್ದೆಯಾಗಿತ್ತು, ವಾಸನೆ ಹೊಡೆಯುತ್ತಿತ್ತು. ಜೋಡಿಸಿಟ್ಟ ಮಾತುಗಳನ್ನೆಲ್ಲ ಬಿಟ್ಟು ಆಕೆ ನೆಲಕ್ಕೆ ಕೂತಳು. ಇಕ್ಕಳ ಹಾಕಿ ಮೊದಲ ಮೊಳೆ ಕಿತ್ತಳು. ಒಳಗಿಂದ ಏನೋ ಬಟ್ಟೆಯನ್ನು ಪರಚಿತು.

ಮೊಳೆ ಕೀಳುತ್ತಾ ಕೀಳುತ್ತಾ ಈ ಸೋಫಾ ಮುಚ್ಚಿದ ಮಧ್ಯಾಹ್ನ ಆಕೆಯ ಕಣ್ಣ ಮುಂದೆ ಬಂತು. ತಳ ಮುಚ್ಚುವ ಮುಂಚೆ ಒಳಗೆ ಕೈಯಾಡಿಸಿ ನೋಡಬೇಕು. ಕತ್ತರಿಯೋ ಗಿರಾಕಿಯ ಉಂಗುರವೋ ಉಳಿದಿರುತ್ತದೆ. ಗಂಡ ಕಲಿಸಿದ ಮೊದಲ ಪಾಠವದು. ಅವತ್ತು ಡಾಕ್ಟರ ಅವಸರಕ್ಕೆ ಆಕೆಯ ತಲೆ ಕೆಟ್ಟಿತ್ತು. “ಒಂದ್ನಿಮಿಷ ಅತ್ತೆ, ನೋಡ್ಬಿಡ್ತೀನಿ” ಎಂದು ಸೊಸೆ ಕೈ ಹಾಕಲು ಬಗ್ಗಿದ್ದಳು. “ನೀನು ನೋಡೋ ಹೊತ್ತಿಗೆ ಸಂಜೆ ಆಗುತ್ತೆ, ಸರಿ ಆಚೆ!” ಎಂದು ಸುತ್ತಿಗೆ ಕಿತ್ತುಕೊಂಡು ಸಿಟ್ಟನ್ನೆಲ್ಲ ಮೊಳೆಗಳ ತಲೆಗೆ ಇಳಿಸಿದವಳು ತಾನೇ.

ಬಟ್ಟೆ ಸಡಿಲವಾಯಿತು. ನಾರಿನ ಧೂಳು ಮೆತ್ತಿಕೊಂಡ ಕಿವುಡಿ ತೂರಾಡುತ್ತಾ ಹೊರಬಂದು ಆಕೆಯ ಮಡಿಲಿಗೇ ಏರಿತು. ಡಾಕ್ಟರು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಬಾಯಿ ಮುಕ್ಕಳಿಸುವ ಲೋಟದಲ್ಲಿ ನೀರು ತಂದಿಟ್ಟರು.

“ಸಿಕ್ತಲ್ಲಮ್ಮ, ಅಳಬೇಡ” ಎಂದ ಮಗ.

“ನನ್ನ ಕೋಪಕ್ಕಿಷ್ಟು ಬೆಂಕಿ ಹಾಕ! ಆ ಹುಡುಗಿಗೆ ಏನಂದ್ಬಿಟ್ಟೆ ಕಣೋ” ಎಂದು ಆಕೆ ಹಣೆ ಚಚ್ಚಿಕೊಂಡಳು.

ಅಂಗಡಿಗೆ ಮರಳಿದಾಗ ಸೊಸೆ ಒಂದು ದೊಡ್ಡ ಕುರ್ಚಿಯನ್ನು ಬೋರಲು ಹಾಕಿಕೊಂಡು ಕೂತಿದ್ದಳು. ಬೆಕ್ಕನ್ನು ಕಂಡದ್ದೇ ಎದ್ದುಬಂದು ಎತ್ತಿಕೊಂಡಳು, ಸೀನಿದಳು, ಬಟ್ಟಲಿಗೆ ಹಾಲು ಸುರಿದಳು.

“ಎಲ್ಲಿತ್ತು?”

“ಸೋಫಾದೊಳಗೆ. ನೀನು ನೋಡ್ತೀನಿ ಅಂದೆ, ನಾನೇ ಬಿಡಲಿಲ್ಲ. ತಪ್ಪಾಯ್ತು ಕಣಮ್ಮ.”

ಸೊಸೆಯ ಮುಖ ಕೆಂಪಾಯಿತು. ಈ ಮನೆಗೆ ಬಂದಾಗಿನಿಂದ ಅವಳು ದನಿಯೆತ್ತಿದ್ದು ಅದೇ ಮೊದಲು.

“ಬೆಕ್ಕು ಸಿಕ್ತು, ಸರಿ. ನೀವಂದ ಮಾತನ್ನ ಯಾವ ಸೋಫಾ ಬಿಚ್ಚಿ ವಾಪಸ್ ತೆಗೀತೀರಾ ಅತ್ತೆ?”

ಮುತ್ತು ಒಡೆದರೆ ಹೋಯ್ತು, ಮಾತು ಆಡಿದರೆ ಹೋಯ್ತು ಎನ್ನುತ್ತಾರೆ. ಸೊಸೆ ಕುರ್ಚಿಯತ್ತ ಹೋಗಿ ತಳದ ಬಟ್ಟೆ ಎತ್ತಿಕೊಂಡಳು, ಸುತ್ತಿಗೆಯನ್ನೂ ಎತ್ತಿಕೊಂಡಳು.

“ಮುಚ್ಚಬೇಕು. ಒಳಗೆ ಕೈ ಹಾಕಿ ನೋಡಿ.”

ಸೋಫಾದಮ್ಮ ನೆಲದ ಮೇಲೆ ಕೂತು ಕುರ್ಚಿಯ ಹೊಟ್ಟೆಯೊಳಗೆ ಮೊಣಕೈವರೆಗೂ ಕೈ ಹಾಕಿದಳು. ಕಿವುಡಿ ಕಣ್ಣೆದುರೇ ಹಾಲು ಕುಡಿಯುತ್ತಿತ್ತು. ಆದರೂ ಸ್ಪ್ರಿಂಗಿನ ಸಂದುಸಂದನ್ನೂ ಸವರಿ ನೋಡಿದಳು.

“ಏನಿದೆ?”

“ಏನೂ ಇಲ್ಲಮ್ಮ.”

“ಇನ್ನೊಂದ್ಸಲ ನೋಡಿ” ಎಂದಳು ಸೊಸೆ.

ಸೋಫಾದಮ್ಮ ಮತ್ತೆ ಕೈ ಹಾಕಿದಳು.